ಹಿಂದೂ ಚಾಪ್ಲಿನ್ ಎಂದರೆ ಯಾರು?

‘ಚಾಪ್ಲಿನ್’ ಎಂದೊಡನೆ ನಮ್ಮ ವಾಚನಾಲಯಕ್ಕೆ ಬರುವ ಬಹುಮಂದಿಗೆ ನೆನಪಾಗುವುದು ದೊಗಲೆ ಷರಾಯಿ, ಬೆತ್ತ ಮತ್ತು ತುಂಡುಮೀಸೆಯ ಆ ಹಾಸ್ಯನಟ. ನಾವಿಲ್ಲಿ ಹೇಳಹೊರಟಿರುವುದು ಆತನ ವಿಷಯವನ್ನಲ್ಲ. ಆತನ ಮನೆತನದ ಹೆಸರು ಹುಟ್ಟಿದ್ದೂ ಇದೇ ಶಬ್ದದಿಂದ ಎಂಬುದು ಮಾತ್ರ ನಿಜ. ಚಾಪ್ಲಿನ್ ಎಂಬುದು ಒಂದು ಉದ್ಯೋಗದ ಹೆಸರು. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲಸಿರುವ ಬಂಧುಗಳ ಮಾತಿನಲ್ಲಿ ಈಚಿನ ವರ್ಷಗಳಲ್ಲಿ ‘ಹಿಂದೂ ಚಾಪ್ಲಿನ್’ ಎಂಬ ಮಾತು ಆಗಾಗ ಕೇಳಿಬರುತ್ತಿದೆ. ಇವರು ಪುರೋಹಿತರೇ, ಸ್ವಾಮಿಗಳೇ, ಸರಕಾರಿ ನೌಕರರೇ ಎಂದು ಕೇಳುವವರಿದ್ದಾರೆ. ನಮಗೆ ತಿಳಿದಮಟ್ಟಿಗೆ ಅದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಶಬ್ದದ ಹಿಂದೆ ಒಂದು ಸೊಗಸಾದ ಕಥೆಯಿದೆ. ನಾಲ್ಕನೆಯ ಶತಮಾನದಲ್ಲಿ ರೋಮನ್ ಸೈನ್ಯದಲ್ಲಿ ಮಾರ್ಟಿನ್ ಎಂಬ ಯೋಧನಿದ್ದನು. ಇಂದಿನ ಫ್ರಾನ್ಸಿನ ಅಮಿಯಾಂ ಪಟ್ಟಣದ ಹೆಬ್ಬಾಗಿಲಲ್ಲಿ ಚಳಿಯಿಂದ ನಡುಗುತ್ತಿದ್ದ ಭಿಕ್ಷುಕನೊಬ್ಬನನ್ನು ಕಂಡು, ತನ್ನ ಮೇಲುಹೊದಿಕೆಯನ್ನು ಕತ್ತಿಯಿಂದ ಎರಡಾಗಿ ಸೀಳಿ ಅರ್ಧವನ್ನು ಅವನಿಗೆ ಹೊದಿಸಿದನಂತೆ. ಮುಂದೆ ಆತ ಕ್ರೈಸ್ತ ಸಂತನಾದ ಮೇಲೆ, ಫ್ರಾಂಕ್ ಅರಸರು ಆ ಹೊದಿಕೆಯನ್ನು ಪವಿತ್ರವೆಂದು ಕಾಪಾಡಿ ದಂಡಯಾತ್ರೆಗೂ ಒಯ್ಯುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಆ ಹೊದಿಕೆಗೆ ‘ಕಪ್ಪೆಲ್ಲ’ ಎಂದು ಹೆಸರು. ಅದನ್ನು ಕಾಯುವ ಪಾದ್ರಿಗಳಿಗೆ ಅದರಿಂದಲೇ ಹೆಸರು ಬಂದು, ಅದು ಇಂಗ್ಲಿಷಿನಲ್ಲಿ ಚಾಪ್ಲಿನ್ ಆಯಿತು. ಅದನ್ನಿಟ್ಟ ಕಿರುಗುಡಿ ‘ಚಾಪೆಲ್’ ಆಯಿತು. ಪರದೇಶಿಯ ಮೈಗೆ ಬಟ್ಟೆ ಹೊದಿಸಿದ ಕಥೆಯಿಂದ ಹುಟ್ಟಿದ ಈ ಹೆಸರು ಇಂದಿನ ಆ ಕೆಲಸಕ್ಕೂ ಒಪ್ಪುವಂತಿದೆ.

ಪುರೋಹಿತರಿಗೂ ಇವರಿಗೂ ಇರುವ ಭೇದ

ನಮ್ಮಲ್ಲಿ ಅರ್ಚಕರು ದೇವಾಲಯದ ಪೂಜೆಯನ್ನು ನೋಡಿಕೊಳ್ಳುವರು. ಪುರೋಹಿತರು ಮನೆಮನೆಗಳ ಶುಭಾಶುಭ ಕಾರ್ಯಗಳನ್ನು ನಡೆಸಿಕೊಡುವರು. ಮಠಾಧಿಪತಿಗಳು ಶಿಷ್ಯವರ್ಗಕ್ಕೆ ಉಪದೇಶ ಮಾಡುವರು. ಚಾಪ್ಲಿನ್ ಈ ಮೂವರಲ್ಲಿ ಯಾರೂ ಅಲ್ಲ. ಇವರ ನೇಮಕವಾಗುವುದು ಗುಡಿಗಲ್ಲ. ಸೈನ್ಯಕ್ಕೆ, ಆಸ್ಪತ್ರೆಗೆ, ಸೆರೆಮನೆಗೆ, ವಿಶ್ವವಿದ್ಯಾನಿಲಯಕ್ಕೆ ಅಥವಾ ಶಾಸನಸಭೆಗೆ. ಮನೆಯಿಂದ, ಊರಿನಿಂದ, ತನ್ನ ಗುಡಿಯಿಂದ ದೂರವಾದ ಮನುಷ್ಯ ಎಲ್ಲಿ ಇರುವನೋ ಅಲ್ಲಿಗೆ ತಾವಾಗಿಯೇ ಹೋಗುವುದು ಇವರ ಕರ್ತವ್ಯ. ರೋಗಿ ಕರೆದರೆ ಮಂಚದ ಪಕ್ಕ ಕೂಡುವರು; ಕೈದಿ ಕೇಳಿದರೆ ಅವನ ಕೋಣೆಗೆ ಹೋಗುವರು. ದಕ್ಷಿಣೆಯ ಮಾತಿಲ್ಲ. ಸಂಬಳ ಕೊಡುವುದಿದ್ದರೆ ಅದು ಆಯಾ ಸಂಸ್ಥೆಯ ಹೊಣೆ. ಹಲವೆಡೆ ಸ್ವಯಂಸೇವಕರಾಗಿಯೇ ದುಡಿಯುವವರೂ ಉಂಟು.

ನಮ್ಮ ಹಿರಿಯರಿಗೆ ಇಂಥ ಒಬ್ಬ ಅಧಿಕಾರಿ ಬೇಕೆನಿಸಲಿಲ್ಲ. ಹಳ್ಳಿಯಲ್ಲಿ ಒಬ್ಬನಿಗೆ ಜ್ವರ ಬಂದರೆ ಓಣಿಯೆಲ್ಲ ಬಂದು ವಿಚಾರಿಸುತ್ತಿತ್ತು. ಸಾವಾದರೆ ಹೇಳಿಕಳುಹಿಸುವ ಮುನ್ನವೇ ನಾಲ್ಕು ಜನ ಹೆಗಲು ಕೊಡಲು ನಿಂತಿರುತ್ತಿದ್ದರು. ಧೈರ್ಯ ಹೇಳುವ ಕೆಲಸ ಬಳಗದ್ದು, ಮಂತ್ರ ಹೇಳುವ ಕೆಲಸ ಪುರೋಹಿತರದ್ದು ಎಂದು ಹಂಚಿಹೋಗಿತ್ತು. ಊರು ಬಿಟ್ಟು ಬಂದವನಿಗೆ ಪುರೋಹಿತರು ದುಡ್ಡಿಗೆ ಸಿಕ್ಕಾರು, ಬಳಗ ಸಿಗುವುದಿಲ್ಲ. ಮುಂಬಯಿಯ ಚಾಳುಗಳಲ್ಲಿ, ದೆಹಲಿಯ ಬಾಡಿಗೆ ಕೋಣೆಗಳಲ್ಲಿ ಒಂಟಿಯಾಗಿ ಕಾಯಿಲೆ ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರದಾಚೆಗೆ ಈ ಕೊರತೆ ಇನ್ನೂ ದೊಡ್ಡದು. ಆ ಕೊರತೆಯನ್ನು ತುಂಬಲೆಂದೇ ಹಿಂದೂ ಚಾಪ್ಲಿನ್ನರ ಏರ್ಪಾಡು ಬೆಳೆದುಬಂದಿದೆ.

ಬ್ರೈಟನ್ ಅರಮನೆಯ ಪಾಠ

ಇಂಥ ಏರ್ಪಾಡು ಏಕೆ ಬೇಕೆಂಬುದು ಮೊದಲನೆಯ ಮಹಾಯುದ್ಧದ ಕಾಲಕ್ಕೇ ತಿಳಿದುಬಂದಿತ್ತು. ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು 1914ರ ಕೊನೆಯಲ್ಲಿ ಇಂಗ್ಲೆಂಡಿನ ಕಡಲತೀರದ ಬ್ರೈಟನ್ ಪಟ್ಟಣಕ್ಕೆ ತಂದು, ಅಲ್ಲಿಯ ರಾಜಭವನವನ್ನೇ ಆಸ್ಪತ್ರೆಯನ್ನಾಗಿ ಮಾಡಿದರು. ಆಯಾ ಮತಜಾತಿಗಳ ಆಚಾರಕ್ಕೆ ತಕ್ಕಂತೆ ಒಂಬತ್ತು ಅಡಿಗೆಮನೆಗಳನ್ನು ನಡೆಸಿದರು. ಕುಡಿಯುವ ನೀರಿನ ನಲ್ಲಿಗಳನ್ನು ಬೇರೆಬೇರೆ ಇಟ್ಟರು. ಸೂಚನಾಫಲಕಗಳನ್ನು ಉರ್ದು, ಹಿಂದಿ, ಗುರುಮುಖಿಗಳಲ್ಲಿ ಬರೆಯಿಸಿದರು. ಅಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಯೋಧರ ಪೈಕಿ 53 ಮಂದಿಯನ್ನು ಊರ ಹೊರಗಿನ ಪ್ಯಾಚಂ ಗುಡ್ಡದ ಮೇಲೆ ದಹನಮಾಡಿದರು. ಮುಸ್ಲಿಂ ಯೋಧರನ್ನು ವೋಕಿಂಗ್ ಎಂಬಲ್ಲಿ ದಫನುಮಾಡಿದರು. ಚಿತೆ ಉರಿದ ಸ್ಥಳದಲ್ಲಿ ಅಮೃತಶಿಲೆಯ ಒಂದು ಛತ್ರಿಯನ್ನು ಕಟ್ಟಿಸಿ 1921ರ ಫೆಬ್ರವರಿ 1ರಂದು ಅನಾವರಣಗೊಳಿಸಿದರು. ಅದು ಇಂದಿಗೂ ಅಲ್ಲಿದೆ.

ಇದರಲ್ಲಿ ಸಾಮ್ರಾಜ್ಯದ ಸ್ವಾರ್ಥವೂ ಇತ್ತೆಂಬುದನ್ನು ಮರೆಯತಕ್ಕದ್ದಲ್ಲ. ಸಿಪಾಯಿಗಳ ಮನಸ್ಸು ಕೆಡಬಾರದೆಂಬ ಎಚ್ಚರ ಅದು. ಆದರೂ ಒಂದು ಪಾಠ ಉಳಿಯಿತು. ಮನುಷ್ಯನ ಗಾಯಕ್ಕೆ ಮದ್ದು ಹಚ್ಚಿದರೆ ಸಾಲದು. ಅವನು ಏನು ಉಣ್ಣುವನು, ಯಾರನ್ನು ನೆನೆಯುವನು, ಸತ್ತರೆ ಏನು ಮಾಡಬೇಕು ಎಂಬುದನ್ನೂ ಯಾರಾದರೂ ತಿಳಿದಿರಬೇಕು.

ಆಸ್ಪತ್ರೆ ಮತ್ತು ಸೆರೆಮನೆ

ಇಂದು ಬ್ರಿಟನ್ ಮತ್ತು ಅಮೆರಿಕಗಳ ದೊಡ್ಡ ಆಸ್ಪತ್ರೆಗಳಲ್ಲಿ ಚಾಪ್ಲಿನ್ ವಿಭಾಗವೊಂದಿರುತ್ತದೆ. ಹಿಂದೂ ರೋಗಿ ಬಂದಾಗ ವೈದ್ಯರಿಗೂ ದಾದಿಯರಿಗೂ ತಿಳಿಯದ ಎಷ್ಟೋ ಸಂಗತಿಗಳನ್ನು ಹಿಂದೂ ಚಾಪ್ಲಿನ್ನರು ತಿಳಿಯಹೇಳುವರು. ಶಸ್ತ್ರಕ್ರಿಯೆಗೆ ಮುಂಚೆ ಜನಿವಾರವನ್ನಾಗಲಿ ಮಾಂಗಲ್ಯವನ್ನಾಗಲಿ ಕೇಳದೆ ಕತ್ತರಿಸಬಾರದು. ತೆಗೆಯಲೇಬೇಕಾದರೆ ಮನೆಯವರ ಕೈಗೆ ಕೊಡಬೇಕು. ಏಕಾದಶಿಯೆಂದು ಊಟ ಬಿಟ್ಟ ಮುದುಕಿಗೆ ಹಸಿವಿಲ್ಲವೆಂದು ಬರೆದುಕೊಳ್ಳಬಾರದು. ಗುಳಿಗೆಯ ಹೊರಕವಚ ದನದ ಎಲುಬು ಚರ್ಮಗಳಿಂದ ಬಂದ ಜೆಲಟಿನ್ನಿನದೇ ಎಂದು ರೋಗಿ ಸಂಶಯಪಟ್ಟರೆ ಅವನನ್ನು ಗದರಿಸದೆ ಬೇರೆ ಔಷಧವಿದೆಯೇ ಎಂದು ನೋಡಬೇಕು. ಪ್ರಾಣ ಹೋಗುವ ವೇಳೆಗೆ ಬಾಯಿಗೆ ಗಂಗೋದಕ, ತುಳಸಿ ಹಾಕಲು ಮನೆಯವರಿಗೆ ಎಡೆಕೊಡಬೇಕು. ಇವು ಚಿಕ್ಕ ಮಾತುಗಳಂತೆ ಕಂಡರೂ, ಕೊನೆಯ ಗಳಿಗೆಯಲ್ಲಿ ಇವು ತಪ್ಪಿದರೆ ಮನೆಯವರ ಎದೆಯಲ್ಲಿ ಆ ನೋವು ವರ್ಷಗಟ್ಟಲೆ ಉಳಿಯುತ್ತದೆ.

ಇದಕ್ಕೆ ಮಂತ್ರ ಬಂದರಷ್ಟೇ ಸಾಲದು; ತರಬೇತಿ ಬೇಕು. ಅಮೆರಿಕದ ಮ್ಯಾಸಚೂಸೆಟ್ಸಿನ ವೂಸ್ಟರ್ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ 1925ರಲ್ಲಿ ಆಂಟನ್ ಬಾಯ್ಸನ್ ಎಂಬ ಪಾದ್ರಿಯವರು ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ನಡುವೆಯೇ ಇರಿಸಿ ಕಲಿಸುವ ಕ್ರಮವನ್ನು ಆರಂಭಿಸಿದರು. ಸ್ವತಃ ಮನೋರೋಗದಿಂದ ನರಳಿ ಗುಣಹೊಂದಿದವರು ಅವರು. ಆ ಕ್ರಮ ಈಗ ಎಲ್ಲ ಮತದ ಚಾಪ್ಲಿನ್ನರಿಗೂ ಅನ್ವಯಿಸುತ್ತದೆ. ಒಂದೊಂದು ಘಟ್ಟಕ್ಕೆ ಕನಿಷ್ಠ 400 ಗಂಟೆಗಳ ಅಭ್ಯಾಸವುಂಟು. ಅಲ್ಲಿ ಮೊದಲು ಕಲಿಸುವುದು ಮಾತನಾಡುವುದನ್ನಲ್ಲ, ಸುಮ್ಮನೆ ಕೂತು ಕೇಳುವುದನ್ನು. ರೋಗಿಯ ಗುಟ್ಟನ್ನು ಹೊರಗೆಡಹಕೂಡದು, ಅವನ ದುಃಖದ ಸಮಯದಲ್ಲಿ ತನ್ನ ಮತದ ಪ್ರಚಾರ ಮಾಡಕೂಡದು ಎಂಬವು ಈ ವೃತ್ತಿಯ ಮುಖ್ಯ ನಿಯಮಗಳು. ಆದುದರಿಂದ ಹಿಂದೂ ಚಾಪ್ಲಿನ್ನರು ರಾತ್ರಿಪಾಳಿಯಲ್ಲಿ ಕ್ರೈಸ್ತ ರೋಗಿಯ ಬಳಿಯೂ ಕೂಡಬೇಕಾಗುತ್ತದೆ, ಮುಸ್ಲಿಂ ತಾಯಿಗೂ ಸಮಾಧಾನ ಹೇಳಬೇಕಾಗುತ್ತದೆ. ಅವರಿಗೆ ಅವರದೇ ಪಾದ್ರಿಯೋ ಇಮಾಮರೋ ಬೇಕಾದರೆ ಕರೆಸಿಕೊಡುವುದೂ ಇವರದೇ ಕೆಲಸ. ಸರ್ವಧರ್ಮ ಸಮನ್ವಯ ಎಂಬ ದೊಡ್ಡ ಮಾತು ಅಲ್ಲಿ ಹೀಗೆ ದಿನನಿತ್ಯದ ಚಾಕರಿಯಾಗಿ ನಡೆಯುತ್ತದೆ.

ಸೆರೆಮನೆಯದು ಇನ್ನೂ ಕಠಿಣವಾದ ಕೆಲಸ. ಇಂಗ್ಲೆಂಡಿನ 1952ರ ಸೆರೆಮನೆ ಕಾನೂನಿನ ಪ್ರಕಾರ ಪ್ರತಿಯೊಂದು ಸೆರೆಮನೆಗೂ ಚಾಪ್ಲಿನ್ ಇರಲೇಬೇಕು. ಆಗ ಅದು ಆ ದೇಶದ ಅಧಿಕೃತ ಚರ್ಚಿನ ಪಾದ್ರಿಗೆಂದು ಇಟ್ಟ ಹುದ್ದೆ. ಈಗ ಹಲವು ಮತಗಳವರ ತಂಡವೇ ಅಲ್ಲಿ ಕೆಲಸ ಮಾಡುತ್ತದೆ, ಹಿಂದೂಗಳೂ ಅದರಲ್ಲಿದ್ದಾರೆ. ಹೊಸದಾಗಿ ಬಂದ ಕೈದಿಯನ್ನು ಕಾಣುವುದು, ಒಂಟಿಕೋಣೆಯಲ್ಲಿ ಇಟ್ಟವರನ್ನು ದಿನವೂ ವಿಚಾರಿಸುವುದು, ಮನೆಯಲ್ಲಿ ತಾಯಿಯೋ ತಂದೆಯೋ ತೀರಿಕೊಂಡ ವಾರ್ತೆಯನ್ನು ಕೈದಿಗೆ ತಿಳಿಸುವುದು, ಇವೆಲ್ಲ ಆ ತಂಡದ ಪಾಲಿಗೆ ಬರುತ್ತವೆ.

ವಿದ್ಯಾಲಯ ಮತ್ತು ಸೈನ್ಯ

ಸ್ವಾಮಿ ವಿವೇಕಾನಂದರು 1893ರಲ್ಲಿ ಶಿಕಾಗೋ ಸಮ್ಮೇಳನದಲ್ಲಿ ಮಾತನಾಡಿದ್ದು ಎಲ್ಲರಿಗೂ ತಿಳಿದ ಸಂಗತಿ. ಅವರು ಅತಿಥಿಗಳಾಗಿ ಹೋದವರು. ಅವರ ಪರಂಪರೆಯ ಸಂನ್ಯಾಸಿಗಳು ಮುಂದೆ ಅಲ್ಲಿಯೇ ನೆಲೆನಿಂತರು. ಬಾಸ್ಟನ್ನಿನ ರಾಮಕೃಷ್ಣ ವೇದಾಂತ ಕೇಂದ್ರದ ಸ್ವಾಮಿ ತ್ಯಾಗಾನಂದರು ಹಾರ್ವರ್ಡ್ ಮತ್ತು ಎಂ.ಐ.ಟಿ. ಎಂಬ ಎರಡು ಹೆಸರಾಂತ ವಿದ್ಯಾಲಯಗಳಲ್ಲಿ ಹಿಂದೂ ಚಾಪ್ಲಿನ್ನರಾಗಿ ಸೇವೆ ಮಾಡಿದವರು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು 2008ರಲ್ಲಿ ವಿನೀತ್ ಚಂದರ್ ಎಂಬವರನ್ನು ಈ ಕೆಲಸಕ್ಕೆ ತೆಗೆದುಕೊಂಡಿತು. ಇವರು ಸಂನ್ಯಾಸಿಗಳಲ್ಲ, ವಕೀಲಿ ಓದಿದ ಗೃಹಸ್ಥರು. ಜೆಸ್ಯುಯಿಟ್ ಪಾದ್ರಿಗಳ ಸ್ಥಾಪನೆಯಾದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯವೂ 2016ರಲ್ಲಿ ಬ್ರಹ್ಮಚಾರಿ ಶರಣ್ ಅವರನ್ನು ನೇಮಿಸಿಕೊಂಡಿತು. ಕ್ಯಾಥೊಲಿಕ್ ಸಂಸ್ಥೆಯೊಂದು ತನ್ನ ಹಿಂದೂ ವಿದ್ಯಾರ್ಥಿಗಳ ಆರೈಕೆಗೆ ಹಿಂದೂ ಗುರುವನ್ನು ಇರಿಸಿಕೊಂಡಿತೆಂಬುದು ಗಮನಿಸತಕ್ಕ ವಿಷಯ. ದೀಪಾವಳಿಯ ಪೂಜೆ ಇವರ ಕೆಲಸದಲ್ಲಿ ಕಣ್ಣಿಗೆ ಕಾಣುವ ಭಾಗ. ಪರೀಕ್ಷೆಯಲ್ಲಿ ಸೋತು ಮನೆಗೆ ಮುಖ ತೋರಿಸಲಾರೆನೆನ್ನುವ ಹುಡುಗನ ಜೊತೆ ನಡುರಾತ್ರಿ ಮಾತನಾಡುವುದು ಕಾಣದ ಭಾಗ.

ಬ್ರಿಟನ್ನಿನ ಸೈನ್ಯಕ್ಕೆ 2005ರಲ್ಲಿ ಮೊದಲ ಹಿಂದೂ ಚಾಪ್ಲಿನ್ನರಾಗಿ ಕೃಷನ್ ಅತ್ರಿ ಅವರು ನೇಮಕಗೊಂಡರು. ಅಮೆರಿಕದ ಭೂಸೈನ್ಯದಲ್ಲಿ ಈ ಸ್ಥಾನ 2011ರಲ್ಲಿ ಪ್ರತಿಮಾ ಧರ್ಮ್ ಎಂಬ ಮಹಿಳೆಗೆ ಸಂದಿತು. ಮುಂಬಯಿಯ ವಾಚಕರು ಹೆಮ್ಮೆಪಡಬಹುದು. ಆಕೆ ಹುಟ್ಟಿದ್ದು ಮುಂಬಯಿಯಲ್ಲೇ. ಇರಾಕ್ ಯುದ್ಧಭೂಮಿಯಲ್ಲಿ ಆಕೆ ಸೇವೆ ಸಲ್ಲಿಸಿದ್ದು ಕ್ರೈಸ್ತ ಚಾಪ್ಲಿನ್ನರಾಗಿ. ಅನಂತರ ಹಿಂದೂ ಚಾಪ್ಲಿನ್ನರಾದರು. ಆ ಸೈನ್ಯದ ನಿಯಮದಂತೆ ಚಾಪ್ಲಿನ್ ಆಗತಕ್ಕವರಿಗೆ ಯಾವುದಾದರೊಂದು ಧಾರ್ಮಿಕ ಸಂಸ್ಥೆಯ ಅನುಮೋದನೆ ಇರಬೇಕು. ಆಕೆಗೆ ಅದನ್ನು ನೀಡಿದ್ದು ಚಿನ್ಮಯ ಮಿಷನ್ನಿನ ಅಮೆರಿಕದ ಶಾಖೆ.

ಶಾಸನಸಭೆಯಲ್ಲಿ ಪ್ರಾರ್ಥನೆ

ನಮ್ಮ ಲೋಕಸಭೆಯ ದಿನದ ಕಲಾಪ ಧಾರ್ಮಿಕ ಪ್ರಾರ್ಥನೆಯಿಂದ ಆರಂಭವಾಗುವ ಪದ್ಧತಿಯಿಲ್ಲ. ಅಮೆರಿಕದಲ್ಲಿ ಉಂಟು. ಅಲ್ಲಿಯ ಎರಡೂ ಸದನಗಳು 1789ರಿಂದಲೇ ತಮ್ಮ ತಮ್ಮ ಚಾಪ್ಲಿನ್ನರನ್ನು ಆರಿಸಿಕೊಂಡು ಬಂದಿವೆ. ಆಗಾಗ ಅನ್ಯರನ್ನೂ ಅತಿಥಿಗಳಾಗಿ ಕರೆಯುವರು. 2000ದ ಸೆಪ್ಟೆಂಬರ್ 14ರಂದು, ಪ್ರಧಾನಿ ವಾಜಪೇಯಿಯವರು ಅಲ್ಲಿಯ ಸಂಸತ್ತನ್ನುದ್ದೇಶಿಸಿ ಮಾತನಾಡಿದ ದಿನವೇ, ಒಹಾಯೋ ಸಂಸ್ಥಾನದ ಪಾರ್ಮಾ ಊರಿನ ಶಿವ-ವಿಷ್ಣು ದೇವಾಲಯದ ಅರ್ಚಕರಾದ ವೆಂಕಟಾಚಲಪತಿ ಸಮುದ್ರಾಲ ಅವರು ಕೆಳಮನೆಯಲ್ಲಿ ಪ್ರಾರ್ಥನೆ ಸಲ್ಲಿಸಿದರು. ಆ ಸದನದಲ್ಲಿ ಹಿಂದೂ ಪ್ರಾರ್ಥನೆ ಆದದ್ದು ಅದೇ ಮೊದಲು.

ಮೇಲ್ಮನೆಯಾದ ಸೆನೆಟ್ಟಿನಲ್ಲಿ ಆ ಸಂದರ್ಭ ಬಂದುದು 2007ರ ಜುಲೈ 12ರಂದು. ನೆವಾಡ ಸಂಸ್ಥಾನದ ರಾಜನ್ ಜೆಡ್ ಅವರು ಪ್ರಾರ್ಥನೆಗೆ ನಿಂತೊಡನೆ ವೀಕ್ಷಕರ ಸಾಲಿನಿಂದ ಮೂವರು ಎದ್ದು, ಇದು ತಮ್ಮ ದೇವರಿಗೆ ಅಪಚಾರವೆಂದು ಕೂಗಿದರು. ಕಾವಲುಗಾರರು ಅವರನ್ನು ಹಿಡಿದು ಹೊರಗೊಯ್ದರು. ಗದ್ದಲವಡಗುವವರೆಗೆ ಜೆಡ್ ಅವರು ನಿಂತಲ್ಲಿಯೇ ನಿಂತಿದ್ದು, ಬಳಿಕ ಗಾಯತ್ರಿ, ಉಪನಿಷತ್ತು, ಗೀತೆಗಳ ಭಾವವನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದರು. ಅವರನ್ನು ಆಹ್ವಾನಿಸಿದ್ದ ಸದನನಾಯಕ ಹ್ಯಾರಿ ರೀಡ್ ಅವರು ಎದ್ದುನಿಂತು, ಗಾಂಧೀಜಿಯವರ ಹೆಸರು ಹೇಳಿ ಹಿಂದೂಗಳ ಬಗೆಗೆ ಗೌರವ ಸೂಚಿಸಿದರು.

ಇಂಥ ಪ್ರಾರ್ಥನೆಯಿಂದ ಏನು ಬಂತು, ಬರಿಯ ತೋರಿಕೆಯಲ್ಲವೇ ಎಂದು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಎರಡು ನಿಮಿಷದ ಮಾತಿನಿಂದ ಯಾವ ಕೂಲಿಕಾರನ ಹೊಟ್ಟೆಯೂ ತುಂಬಲಿಲ್ಲ. ಆದರೆ ಪರದೇಶದಲ್ಲಿ ತೆರಿಗೆ ಕೊಟ್ಟು, ಕಾನೂನಿಗೆ ತಲೆಬಾಗಿ ಬಾಳುವ ಮನುಷ್ಯನಿಗೆ ಆ ಸದನ ತನ್ನದೂ ಹೌದೋ ಅಲ್ಲವೋ ಎಂಬುದು ತೋರಿಕೆಯ ಮಾತಲ್ಲ. ಅಂದು ಕೂಗಿದ ಮೂವರ ಅಭಿಪ್ರಾಯದಲ್ಲಿ ಅದು ಅವನದಲ್ಲ. ಸದನದ ಅಭಿಪ್ರಾಯದಲ್ಲಿ ಹೌದು.

ಪೌರಜೀವನದಲ್ಲಿ

ಸಂಕಟ ಬಂದಾಗ ಈ ಸಂಬಂಧಗಳ ಬೆಲೆ ತಿಳಿಯುತ್ತದೆ. 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್ ಸಂಸ್ಥಾನದ ಓಕ್ ಕ್ರೀಕ್ ಗುರುದ್ವಾರದಲ್ಲಿ ಒಬ್ಬ ದ್ವೇಷಿ ಗುಂಡುಹಾರಿಸಿ ಆರು ಮಂದಿಯನ್ನು ಕೊಂದನು. ಅಲ್ಲಿಯ ಊರುಊರುಗಳಲ್ಲಿ ಎಲ್ಲ ಮತದವರೂ ಕೂಡಿ ದೀಪಹಚ್ಚಿ ಶೋಕಸಭೆ ನಡೆಸಿದರು. ಇಂಥ ಸಭೆಗಳನ್ನು ಒಂದೇ ದಿನದಲ್ಲಿ ಕೂಡಿಸಬೇಕಾದರೆ ಪಾದ್ರಿ, ಇಮಾಮ್, ರಬ್ಬಿ, ಗ್ರಂಥಿ, ಚಾಪ್ಲಿನ್ನರಿಗೆ ಮೊದಲಿನಿಂದ ಪರಸ್ಪರ ಪರಿಚಯವಿರಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರಾಗದು. ಸಿಖ್ಖರ ಮೇಲೆ, ಹಿಂದೂಗಳ ಮೇಲೆ ನಡೆಯುವ ದ್ವೇಷಾಪರಾಧಗಳನ್ನು ಆ ದೇಶದ ಕೇಂದ್ರ ಪೋಲೀಸರು ಬೇರೆಯಾಗಿ ಲೆಕ್ಕವಿಡತೊಡಗಿದ್ದು 2015ರಿಂದ. ಅದಕ್ಕಾಗಿ ಹಲವು ಮತಗಳ ಸಂಘಗಳು ಒಟ್ಟಾಗಿ ಒತ್ತಾಯಿಸಿದ್ದವು.

ಇನ್ನೊಂದು ಉದಾಹರಣೆ. 2023ರ ಮೇ 6ರಂದು ಲಂಡನ್ನಿನಲ್ಲಿ ಮೂರನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕವಾದಾಗ, ಆಗಿನ ಪ್ರಧಾನಿ ರಿಷಿ ಸುನಕ್ ಅವರು ಬೈಬಲ್ಲಿನ ಒಂದು ಭಾಗವನ್ನು ಓದಿದರು. ಹಿಂದೂಗಳಾದ ಲಾರ್ಡ್ ನರೇಂದ್ರ ಪಟೇಲರು ದೊರೆಗೆ ಉಂಗುರವನ್ನು ಒಪ್ಪಿಸಿದರು. ಇಬ್ಬರೂ ತಮ್ಮ ಧರ್ಮವನ್ನು ಬಿಡಲಿಲ್ಲ, ಅಲ್ಲಿಯ ಧರ್ಮವನ್ನು ಹಗುರಮಾಡಲಿಲ್ಲ. ಹಿಂದೂ ಗುರು ಗೋವಿಂದಭಟ್ಟರ ಪಾದ ಹಿಡಿದ ಶಿಶುನಾಳ ಶರೀಫರ ನಾಡಿನವರಾದ ನಮಗೆ ಇದು ಅರ್ಥವಾಗದ ವಿಷಯವಲ್ಲ.

ಎರಡು ತೊಡಕುಗಳು

ಈ ಏರ್ಪಾಡಿನಲ್ಲಿ ತೊಡಕುಗಳಿಲ್ಲವೆಂದಲ್ಲ. ಮೊದಲನೆಯದು, ಹಿಂದೂಗಳ ಪರವಾಗಿ ಮಾತನಾಡತಕ್ಕವರು ಯಾರು? ನಮಗೆ ಒಂದು ಚರ್ಚಿಲ್ಲ, ಒಬ್ಬ ಪೋಪರಿಲ್ಲ. ಶೈವ, ವೈಷ್ಣವ, ಶಾಕ್ತರೆಂದು ನೂರು ಪಂಥಗಳು. ಗ್ರಾಮದೇವತೆಗೆ ನಡೆದುಕೊಳ್ಳುವವರ ಸಂಖ್ಯೆ ಇವೆಲ್ಲಕ್ಕೂ ಮಿಗಿಲು. ಉಪನಿಷತ್ತನ್ನು ಮಾತ್ರ ಬಲ್ಲ ಚಾಪ್ಲಿನ್ನರು ಯಲ್ಲಮ್ಮನ ಒಕ್ಕಲಿನ ತಾಯಿಗೆ ಹೇಗೆ ಸಮಾಧಾನ ಹೇಳುವರು? ಅದನ್ನೂ ಕಲಿಯಬೇಕು. ‘ನಿಮ್ಮ ಮನೆಯಲ್ಲಿ ಹೇಗೆ ನಡೆದುಕೊಳ್ಳುವಿರಿ?’ ಎಂದು ಮೊದಲು ಕೇಳಿ ತಿಳಿಯುವವರೇ ಒಳ್ಳೆಯ ಚಾಪ್ಲಿನ್ನರು.

ಎರಡನೆಯದು ಜಾತಿ. ಬ್ರ್ಯಾಂಡೈಸ್ ವಿಶ್ವವಿದ್ಯಾನಿಲಯವು 2019ರಲ್ಲಿಯೂ ಕ್ಯಾಲಿಫೋರ್ನಿಯದ ಸರಕಾರಿ ವಿಶ್ವವಿದ್ಯಾನಿಲಯ ವ್ಯವಸ್ಥೆಯೊಂದು 2022ರಲ್ಲಿಯೂ ತಮ್ಮ ತಾರತಮ್ಯ ನಿಷೇಧದ ನಿಯಮಗಳಲ್ಲಿ ಜಾತಿಯನ್ನು ಸೇರಿಸಿದವು. ಸಿಯಾಟಲ್ ನಗರವು 2023ರ ಫೆಬ್ರವರಿಯಲ್ಲಿ ಹಾಗೆಯೇ ಮಾಡಿತು. ಕ್ಯಾಲಿಫೋರ್ನಿಯ ಸಂಸ್ಥಾನದ ಮಸೂದೆಯನ್ನು ಅಲ್ಲಿಯ ಗವರ್ನರು ಅದೇ ವರ್ಷದ ಅಕ್ಟೋಬರಿನಲ್ಲಿ ತಡೆಹಿಡಿದು ಹಿಂದಿರುಗಿಸಿದರು. ಇಂಥ ನಿಯಮದಿಂದ ಹಿಂದೂಗಳನ್ನೇ ಸಂಶಯದಿಂದ ನೋಡಿದಂತಾಗುವುದೆಂದು ಕೆಲವು ಸಂಘಗಳು ವಾದಿಸುತ್ತವೆ. ಅಪಮಾನ ಉಂಡವರಿಗೆ ರಕ್ಷಣೆ ಬೇಡವೇ ಎಂದು ದಲಿತ ಸಂಘಗಳು ಕೇಳುತ್ತವೆ. ಕಾನೂನಿನ ವಾದ ಹೇಗಾದರೂ ಇರಲಿ, ಚಾಪ್ಲಿನ್ನರ ಧರ್ಮ ಸ್ಪಷ್ಟವಾಗಿದೆಯೆಂದು ನಮ್ಮ ಅಭಿಪ್ರಾಯ. ಹಾಸಿಗೆಯ ಬಳಿ ಕೂತವರು ರೋಗಿಯ ಕುಲವನ್ನು ಕೇಳಿದರೆ, ಅಲ್ಲಿಗೆ ಆ ಹುದ್ದೆಯ ಅರ್ಥವೇ ಕೆಟ್ಟಿತು. ಅನ್ಯಮತದವರೊಡನೆ ಕೈಜೋಡಿಸಿ, ಸ್ವಮತದ ಬಡವನನ್ನು ದೂರವಿಡುವ ಸಮನ್ವಯಕ್ಕೆ ಬೆಲೆಯಿಲ್ಲ.

ನಮ್ಮ ದೇಶದಲ್ಲಿ

ನಮ್ಮಲ್ಲಿಯೂ ಈ ಹುದ್ದೆ ಬೇರೆ ಹೆಸರಿನಿಂದ ಇದೆ. ಭಾರತದ ಭೂಸೈನ್ಯದಲ್ಲಿ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು ಎಂಬ ಧರ್ಮಶಿಕ್ಷಕರನ್ನು ನಾಯಬ್ ಸುಬೇದಾರ್ ದರ್ಜೆಯಲ್ಲಿ ನೇಮಿಸುವರು. ಪೂಜೆ ಪ್ರಾರ್ಥನೆಗಳಲ್ಲದೆ, ಆಸ್ಪತ್ರೆಯಲ್ಲಿರುವ ಯೋಧರನ್ನು ಕಾಣುವುದು, ಶಿಕ್ಷೆ ಅನುಭವಿಸುತ್ತಿರುವವರನ್ನು ವಿಚಾರಿಸುವುದು, ಅಂತ್ಯಕ್ರಿಯೆ ನಡೆಸುವುದು ಇವರ ಕರ್ತವ್ಯಗಳು. ಪುಣೆಯ ರಾಷ್ಟ್ರೀಯ ಏಕತಾ ಸಂಸ್ಥೆಯಲ್ಲಿ ಇವರಿಗೆ ತರಬೇತಿಯಾಗುತ್ತದೆ. ಅಲ್ಲಿ ಒಬ್ಬೊಬ್ಬರೂ ಇತರ ಧರ್ಮಗಳ ಪರಿಚಯವನ್ನೂ ಮಾಡಿಕೊಳ್ಳುವರು. ಒಂದೇ ಸೂರಿನಡಿಯಲ್ಲಿ ಎಲ್ಲ ಮತಗಳ ಪೂಜೆಗೂ ಎಡೆಯಿರುವ ‘ಸರ್ವಧರ್ಮ ಸ್ಥಳ’ಗಳು ನಮ್ಮ ಸೈನ್ಯದ ಎಷ್ಟೋ ನೆಲೆಗಳಲ್ಲಿವೆ.

ಆದರೆ ನಮ್ಮ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಇಂಥ ಪದ್ಧತಿ ಬೆಳೆದಿಲ್ಲ. ಪರಭಾಷೆಯ ಊರಿನಲ್ಲಿ ಆಸ್ಪತ್ರೆ ಸೇರಿದ ಕನ್ನಡದ ಕೂಲಿಕಾರನಿಗೆ ತನ್ನ ನೋವನ್ನು ತನ್ನ ಮಾತಿನಲ್ಲಿ ಕೇಳುವವರು ಬೇಕು. ಅದಕ್ಕೆ ಕಾಷಾಯವೂ ಬೇಡ, ಸಂಬಳವೂ ಬೇಡ.

ವಾಚಕರಲ್ಲಿ ನಮ್ಮ ಸೂಚನೆ ಎರಡು. ಹೊರದೇಶದಲ್ಲಿರುವ ನಿಮ್ಮವರು ಆಸ್ಪತ್ರೆ ಸೇರಬೇಕಾಗಿ ಬಂದರೆ, ಪ್ರವೇಶಪತ್ರದಲ್ಲಿ ಧರ್ಮವನ್ನು ಕೇಳಿದಲ್ಲಿ ಖಾಲಿ ಬಿಡದೆ ಬರೆಯಲು ಹೇಳಿ. ಚಾಪ್ಲಿನ್ ಬೇಕೆಂದು ದಾದಿಯರಿಗೆ ತಿಳಿಸಿದರೆ ಸಾಕು. ಅದಕ್ಕೆ ರೋಗಿಯಿಂದ ಹಣ ತೆಗೆದುಕೊಳ್ಳುವುದಿಲ್ಲ. ಹಿಂದೂಗಳು ಸಿಕ್ಕದಿದ್ದರೆ ಬೇರೆ ಮತದವರೇ ಬರಬಹುದು. ಅವರನ್ನು ಅನುಮಾನದಿಂದ ಕಾಣಬೇಕಾಗಿಲ್ಲ. ಎರಡನೆಯದು ಇಲ್ಲಿಯ ಮಾತು. ನಿಮ್ಮ ಚಾಳಿನಲ್ಲಿ, ಗಿರಣಿಯಲ್ಲಿ, ಕಚೇರಿಯಲ್ಲಿ ಒಂಟಿಯಾಗಿರುವ ಕನ್ನಡಿಗರು ಯಾರಾದರೂ ಆಸ್ಪತ್ರೆ ಸೇರಿದ್ದು ತಿಳಿದರೆ, ಅವರು ಯಾವ ಜಾತಿ, ಯಾವ ಮತದವರೆಂದು ನೋಡದೆ, ಭೇಟಿಯ ವೇಳೆಯಲ್ಲಿ ಹೋಗಿ ಅರ್ಧ ಗಂಟೆ ಕೂತು ಬನ್ನಿರಿ. ಊರಿಗೆ ಫೋನು ಮಾಡಬೇಕೇ, ಔಷಧದ ಚೀಟಿ ಓದಿಹೇಳಬೇಕೇ ಎಂದು ಕೇಳಿರಿ. ಏನೂ ಬೇಡವೆಂದರೆ ಸುಮ್ಮನೆ ಕೂತಿದ್ದರೂ ಸಾಕು.